ಕರಿ ಬೊಟ್ಟು

ಹುರುಳಿ ಒಕ್ಕಣೆಯ ಕಾಲ. ಕಣದ ಕೆಲಸ ಬಿಟ್ಟು ಚಿಕ್ಕಲಿಂಗಯ್ಯ ತನ್ನ ಕಾರು ನೋಡಲು ಗ್ಯಾರೇಜಿಗೆ ಬಂದಿದ್ದ. ತಿಂಗಳ ಹಿಂದೆ, ಎದೆನೋವೆಂದ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಈ ಕಾರು ನಡುದಾರಿಯಲ್ಲಿ ಕೆಟ್ಟು ನಿಂತಿತ್ತು. ಅವಳು ಅಲ್ಲೇ ತೀರಿಕೊಂಡಳು.

“ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಹತ್ತಿದ್ರೂ ಕಾರು ಓಡ್ಸಿದ್ದೀಯ ಭಾವ. ನಮ್ಮಕ್ಕನ್ನ ನೀನೇ ಕೊಂದೆ,” ಎಂದ, ಜೊತೆಗೆ ಬಂದಿದ್ದ ಭಾವಮೈದ.

“ಅವಳಾಣೆ, ದೀಪ ಹತ್ನಿಲ್ಲ ಕಣಪ್ಪ.”

ಸುಳ್ಳಲ್ಲ. ಆ ದೀಪ ಕಂಡರೆ ಅರ್ಧ ದಾರಿಯಿಂದಲೂ ಮನೆಗೆ ಮರಳುವವನು ಅವನು. “ನಿಮ್ಮ ಹಾಳು ದೀಪದಿಂದ ಮೂರು ಸಲ ತವರು ತಪ್ಪೋಯ್ತು,” ಎಂದು ಹೆಂಡತಿ ಮುನಿಸಿಕೊಂಡಿದ್ದಳು. ನಾಲ್ಕನೇ ಸಲ ದೀಪ ಹತ್ತಲೇ ಇಲ್ಲ. ಅವಳು ದಾರಿಯುದ್ದಕ್ಕೂ ನಗುತ್ತಲೇ ತವರು ಮುಟ್ಟಿದ್ದಳು.

ಮೆಕ್ಯಾನಿಕ್ ಕೀಲಿ ತಿರುಗಿಸಿ ಬಗ್ಗಿ ನೋಡಿದ. ಉಗುರಿನಿಂದ ಏನನ್ನೋ ಕೆರೆದ.

“ಆಯಿಲ್ ಇಲ್ದೆ ಎಂಜಿನ್ ಸುಟ್ಟೋಗದೆ ಸ್ವಾಮಿ. ದೀಪ ಉರೀತಾನೇ ಇತ್ತು. ಅದು ಕಾಣ್ದಂಗೆ ಹೆಂಗಸ್ರ ಕರಿ ಬೊಟ್ಟು ಅಂಟಿಸವ್ರೆ. ಯಾರ ಕೆಲಸ ಇದು?”

ಭಾವಮೈದ ಭಾವನ ಮುಖವನ್ನೇ ನೋಡುತ್ತಿದ್ದ.

ಚಿಕ್ಕಲಿಂಗಯ್ಯ ಆ ಬೊಟ್ಟನ್ನು ಬೆರಳ ತುದಿಗೆ ತೆಗೆದುಕೊಂಡ.

“ನಾನೇ ಅಂಟಿಸಿದ್ದು,” ಎಂದ.