ಒಗೆಯಲು ಬಾರದ ಖಾಕಿ

ಅನ್ಯಾಯವಾಗಿ ಏಟು ಹಾಕಿದ ಪೊಲೀಸನ ಮೈಮೇಲಿನ ಖಾಕಿ, ಅವನು ಬಾಯಿಬಿಟ್ಟು ಒಪ್ಪಿಕೊಳ್ಳುವ ತನಕ ಬಿಚ್ಚಲು ಬರುತ್ತಿರಲಿಲ್ಲ. ಪೊಲೀಸ್ ಕ್ವಾರ್ಟರ್ಸಿನ ಬಟ್ಟೆ ಒಗೆಯುವ ನೀಲವ್ವನಿಗೆ ಇದೇನೂ ಹೊಸದಲ್ಲ. ಆದರೆ ಸೋಮವಾರ ಅವಳ ಮಗ ಫಕೀರಪ್ಪನನ್ನು ಠಾಣೆಗೆ ಎಳೆದೊಯ್ದಿದ್ದರು. ಅವನು ಇನ್ನೂ ಮನೆಗೆ ಬಂದಿರಲಿಲ್ಲ. ಕೇಳಿದರೆ, "ಅವತ್ತ ಬಿಟ್ಟು ಕಳಿಸೀವಿ" ಎನ್ನುತ್ತಿದ್ದರು. ಅಂದಿನಿಂದ ಯಾವ ಮನೆಯಿಂದಲೂ ಒಗೆಯಲು ಖಾಕಿ ಬಂದಿರಲಿಲ್ಲ. ಬರೀ ಸೀರೆ, ಚಾದರ.

"ಒಂದರ ಖಾಕಿ ಅಂಗಿ ಕೊಡ್ರಿ ಅಕ್ಕಾರ," ಎಂದು ಅವಳು ಬಾಗಿಲು ಬಾಗಿಲಿಗೂ ಅಂಗಲಾಚಿದಳು.

ಕೊನೆಯ ಮನೆ, ಫಕೀರಪ್ಪನನ್ನು ಎಳೆದೊಯ್ದ ಕಾನ್‌ಸ್ಟೇಬಲ್ಲನದು. ಅವನ ಹೆಂಡತಿ ಗಿರಿಜಾ ಖಾಕಿ ಅಂಗಿ ತಂದುಕೊಟ್ಟಳು. ನೀಲವ್ವ ಅದನ್ನು ಎದೆಗವಚಿಕೊಂಡಳು. "ಹಂಗಾರ ನನ್ನ ಮಗಗ ಏನೂ ಆಗಿಲ್ಲ!"

ಗಿರಿಜಾ ಅವಳ ಕೈ ಹಿಡಿದಳು. "ಈಗಷ್ಟ ಬಿಚ್ಚಿತು, ನೀಲವ್ವಾ. ನಮ್ಮವರು ಎಲ್ಲಾ ಹೇಳ್ಯಾರ. ಒಳಗ ಬಾ, ಮೊದಲ ಕುಂದ್ರು."