ಬಡಗಿಯ ಕೆಮ್ಮು

“ಮರದ ಪುಡಿಯೊಂದನ್ನೇ ದೂರಬೇಡಿ. ಹೊಟ್ಟೆಯ ಹುಳಿ ಗಂಟಲಿಗೆ ಬಂದು ಶ್ವಾಸಕೋಶಕ್ಕೂ ಇಳೀತಿರಬಹುದು. ಊಟ ಆದ ಎಷ್ಟು ಹೊತ್ತಿಗೆ ಮಲಗ್ತೀರಿ ಯಜಮಾನ್ರೇ?” ಎಂದರು ಡಾಕ್ಟರು.

ಔಷಧಿಯ ಚೀಟಿ ಮಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಕೆಮ್ಮಿಗೆ ಮರದ ಪುಡಿಯೇ ಕಾರಣವೆಂದು ಹಟ ಹಿಡಿದು, ಗಂಡನ ಉಳಿ, ಕೀಸುಳಿಗಳನ್ನೆಲ್ಲ ಕಂಡವರಿಗೆ ಕೊಟ್ಟವಳು ಅವಳು. ಕೆಲಸವಿಲ್ಲದೆ ಅವನು ಮಂಕಾದಾಗ, ಶಕ್ತಿ ಬರಲೆಂದು ಎರಡೆರಡು ಸಲ ಬಡಿಸಿ, ಕೈ ತೊಳೆಯುತ್ತಲೇ ಹಾಸಿಗೆ ಹಾಸಿ ಮಲಗಿಸಿದವಳೂ ಅವಳೇ. ಕೆಮ್ಮು ಹೆಚ್ಚಿದಂತೆಲ್ಲ ಇನ್ನೊಂದು ತುತ್ತು ಹೆಚ್ಚು ಹಾಕಿದ್ದಳು.

“ಉಂಡ ಕೂಡ್ಲೇ ಬಿದ್ಕೋತೀನಿ ಡಾಕ್ಟ್ರೇ, ಹುಟ್ಟು ಸೋಮಾರಿ ನಾನು,” ಎಂದ ಬಡಗಿ. “ಇವಳು ಬೇಡ ಬೇಡ ಅಂತ ಬಡ್ಕೊಳ್ತಾಳೆ, ನಾನು ಕೇಳಬೇಕಲ್ಲ.”

ನಲವತ್ತು ವರ್ಷ ನಿಂತೇ ದುಡಿದ ಮನುಷ್ಯ. ಅವನ ಮುಖ ನೋಡಲಾರದೆ ಅವಳು ಡಾಕ್ಟರ ಕಡೆ ತಿರುಗಿದಳು.

“ಸುಳ್ಳು ಹೇಳ್ತಿದ್ದಾರೆ. ಮಲಗಿಸ್ತಿದ್ದವಳು ನಾನು.”