ಹದಿನಾರು ಹೆಸರಿನ ಕಲ್ಲು

ಕಲ್ಲಿನ ಮೇಲಿನ ಬಟ್ಟೆ ಸರಿಯಲು ಇನ್ನು ಹತ್ತೇ ನಿಮಿಷ. ಶ್ರೀದೇವಿಯ ಕಣ್ಣು ಮಾತ್ರ ಕೈಯಲ್ಲಿದ್ದ ಫೋನಿನ ಮೇಲೆ. ಪತ್ರ ನಕಲಿಯೆಂದು ಪ್ರಯೋಗಾಲಯ ಹೇಳಿಬಿಟ್ಟರೆ, ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಅವಳು ಮಾಡಿದ ಆರು ವರ್ಷದ ಸಂಶೋಧನೆ ನೀರಿನಲ್ಲಿ ಹೋಮ ಮಾಡಿದಂತೆ.

ಪತ್ರ ಬರೆದವನು ಲಿಂಡ್ನರ್, ಜರ್ಮನಿಯಿಂದ ನಮೀಬಿಯಾಕ್ಕೆ ಹೋಗಿ ನೆಲೆಸಿದ್ದ ವಲಸಿಗ. 1904ರಲ್ಲಿ ಕೈಸರನ ಸೈನ್ಯ ಅಲ್ಲಿನ ಹೆರೆರೋ ಜನರ ಮೇಲೆ ಮುಗಿಬಿದ್ದಾಗ ಅವನು ತನ್ನ ಚಕ್ರವರ್ತಿಗೇ ಬರೆದಿದ್ದ: "ನಿಮ್ಮ ಸೈನಿಕರು ನನ್ನ ಹದಿನಾರು ಜೀವಗಳನ್ನು ಎಳೆದೊಯ್ದು ಮರಳುಗಾಡಿನಲ್ಲಿ ನೀರಿಲ್ಲದೆ ಕೊಂದರು. ಯೋನಾಸನನ್ನು ನಾನೇ ಕೈಯಾರೆ ಬೆಳೆಸಿದ್ದೆ. ಇನ್ನು ನಾನು ನಿಮ್ಮ ಪ್ರಜೆಯಲ್ಲ." ಕೆಳಗೆ ಹದಿನಾರು ಹೆಸರು.

ಮಡಿದ ಹೆರೆರೋ ಜನರ ಸ್ಮಾರಕವೆಂದು ಆ ಹೆಸರುಗಳೇ ಈಗ ಕಲ್ಲಿನ ಮೇಲಿದ್ದವು. ಓದಲು ನಮೀಬಿಯಾದಿಂದ ಹೆರೆರೋ ಮುದುಕಿಯೊಬ್ಬಳು ಬಂದಿದ್ದಳು. ಅವಳ ಮುತ್ತಜ್ಜಿ ಅದೇ ಮರಳಿನಲ್ಲಿ ಬಾಯಾರಿ ಸತ್ತವಳು. ವಿಭಾಗದ ಪ್ರಾಧ್ಯಾಪಕನಿಗೆ ಮಾತ್ರ ಮೊದಲಿನಿಂದಲೂ ಅನುಮಾನ: ಅಂಥ ವಲಸಿಗನಿಗೆ ಇಷ್ಟು ಕರುಣೆ ಎಲ್ಲಿಂದ ಬಂತು? ಈ ಮುದುಕಿಗೆ ಸುಳ್ಳು ಹೇಳಿಬಿಟ್ಟೆನೇ ಎಂದು ಶ್ರೀದೇವಿ ಮತ್ತೆ ಮತ್ತೆ ಫೋನು ನೋಡಿಕೊಂಡಳು.

ಫೋನು ನಡುಗಿತು. ಕಾಗದ, ಶಾಯಿ, ಸಹಿ, ಎಲ್ಲವೂ ಅಸಲಿ.

"ಬದುಕಿದೆ ಯವ್ವಾ!" ಎಂದು ತಾಯಿ ಗಂಗವ್ವನ ಕೈ ಹಿಡಿದಳು. ಬಾದಾಮಿ ಕಡೆಯ ಹೊಲದಲ್ಲಿ ದುಡಿದ ಒರಟು ಕೈ. ಮಗಳ ಮನೆಗೆ ಬಂದು ವಾರವಾಗಿತ್ತು.

"ಛಲೋ ಆತು. ಅಂವ ಏನ್ ಬರದಾನ ಓದು, ನಾನೂ ಕೇಳ್ತೀನಿ."

ಶ್ರೀದೇವಿ ಮೆಲ್ಲಗೆ ಓದಿದಳು. "ಯೋನಾಸ್, ಎಡ, ಶಾಂತ. ಪೇತ್ರುಸ್, ಬಲ, ಸಿಟ್ಟು ಜಾಸ್ತಿ. ಸಿಮೋನ್, ಎಡ, ವಯಸ್ಸಾಗಿದೆ. ಯಾಕೋಬ್, ಬಲ, ಸ್ವಲ್ಪ ಕುಂಟು..."

"ಎಡ, ಬಲ ಅಂದ್ರ?"

"ಎರಡು ಸಾಲಾಗಿ ಹೂಳಿರಬೇಕವ್ವ. ಹಂಗಂತ ನಾ ಪುಸ್ತಕದಾಗ ಬರದೀನಿ."

ಗಂಗವ್ವ ಮಗಳ ಮುಖವನ್ನೇ ನೋಡಿದಳು. "ಹದಿನಾರೂ ಹಿಂಗ ಜೋಡಿ ಜೋಡಿನ?"

"ಹೂಂ. ಒಂದು ಎಡ, ಒಂದು ಬಲ."

ಬಟ್ಟೆ ಸರಿಯಿತು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಮುದುಕಿ ಕಲ್ಲಿನ ಮೇಲೆ ಕೈಯಿಟ್ಟು, ಅಳುತ್ತಲೇ ಮೊದಲ ಹೆಸರು ಓದಿದಳು.

ಗಂಗವ್ವ ಮಗಳ ಕಿವಿಯ ಹತ್ತಿರ ಬಾಗಿದಳು. "ಒಂದ ಬಂಡಿಗೆ ಎಂಟು ಜೋಡಿ ಎತ್ತು ಹೂಡತಿದ್ನೇನ, ಶ್ರೀದೇವಿ?"